ಸಂಜೆ ಹೊತ್ತಿಗೇ ರೀಸ್ಟಾರ್ಟ್ ಆಗುವ ಗೇಮಿಂಗ್ ಪಿಸಿ: ತಪ್ಪು ಗ್ರಾಫಿಕ್ಸ್ ಕಾರ್ಡಿನದ್ದೇ?

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನನ್ನ ಅಕ್ಕನ ಮನೆ. ಅವಳ ಮಗ ಎರಡು ವರ್ಷ ರಜೆಯಲ್ಲಿ ಮಾಡಿದ ಕೆಲಸದ ದುಡ್ಡು, ಅಜ್ಜ ಕೊಟ್ಟದ್ದು ಎಲ್ಲ ಕೂಡಿಸಿ ಒಂದು ಗೇಮಿಂಗ್ ಪಿಸಿ ಕಟ್ಟಿಸಿದ. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್, ಇವಕ್ಕೆಲ್ಲ ಕರೆಂಟು ಕೊಡಲು 550 ವ್ಯಾಟಿನ ಎಸ್‌ಎಂಪಿಎಸ್. ಮಳೆಗಾಲವಿಡೀ ಚೆನ್ನಾಗಿ ನಡೆಯಿತು. ಜನವರಿ ದಾಟಿದ್ದೇ ತಡ, ಆಟದ ನಡುವೆ ಪರದೆ ಕಪ್ಪಾಗಿ, ಪಿಸಿ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗಲು ಶುರುವಾಯಿತು. ವಾರಕ್ಕೆ ಒಂದು ಸಲ, ಆಮೇಲೆ ದಿನಕ್ಕೆ ಒಂದು ಸಲ. ಕಟ್ಟಿಕೊಟ್ಟ ಅಂಗಡಿಯವರು ಫೋನಿನಲ್ಲೇ ತೀರ್ಮಾನ ಹೇಳಿದರು: ಬೇಸಿಗೆಯಲ್ಲಿ ಮಾತ್ರ ಆಗುತ್ತದೆ, ಗೇಮ್ ಆಡುವಾಗ ಮಾತ್ರ ಆಗುತ್ತದೆ, ಹಾಗಾದರೆ ಕಾರ್ಡ್ ಬಿಸಿಯಾಗಿ ಹೋಗಿದೆ, ಬದಲಿಸಬೇಕು.

ಕೇಳಲು ಸರಿಯೇ ಅನಿಸುವ ಮಾತು. ಹುಡುಗ ನನಗೆ ಫೋನ್ ಮಾಡಿದ.

"ಮಾವ, ಕಾರ್ಡ್ ಹೋಯ್ತು ಕಾಣ್ತದೆ. ಮಂಗಳೂರಿಗೆ ತೆಕ್ಕೊಂಡು ಹೋಗುವುದಾ?"

"ಈಗ ಬೇಡ. ಮುಂದಿನ ಸಲ ಬಂದ್ ಆಗುವಾಗ ಹೇಗೆ ಬಂದ್ ಆಗ್ತದೆ ಅಂತ ಸರಿಯಾಗಿ ನೋಡು. ಮಾನಿಟರಿನ ಕೆಳಗಿನ ಸಣ್ಣ ಲೈಟನ್ನೂ ನೋಡು."

ಪರದೆಯಲ್ಲಿ ಏನೇ ಎಡವಟ್ಟಾದರೂ ಗ್ರಾಫಿಕ್ಸ್ ಕಾರ್ಡನ್ನೇ ಹಿಡಿಯುವುದು ಎಲ್ಲರ ರೂಢಿ. ಕಾಣುವುದು ಅದರ ಕೆಲಸವಷ್ಟೇ. ಆದರೆ ರಂಗಸ್ಥಳಕ್ಕೆ ವೇಷ ಬಾರದಿದ್ದರೆ ಕಾರಣ ಚೌಕಿಯಲ್ಲಿರಬಹುದು, ದಾರಿಯಲ್ಲಿ ಕೆಟ್ಟು ನಿಂತ ಮೇಳದ ಬಸ್ಸಿನಲ್ಲೂ ಇರಬಹುದು. ಪಿಸಿಯಲ್ಲಿ ಕಾರ್ಡ್ ಒಂದು ಕಡೆಯಾದರೆ, ಅದಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್, ಚಿತ್ರಕ್ಕೆ ಬೇಕಾದ ಲೆಕ್ಕ ಕೊಡುವ ಪ್ರೊಸೆಸರ್, ಆ ಲೆಕ್ಕ ಕೂತಿರುವ ರ‍್ಯಾಮ್, ವಿಂಡೋಸ್‌ಗೂ ಕಾರ್ಡಿಗೂ ನಡುವಿನ ತಂತ್ರಾಂಶವಾದ ಡ್ರೈವರ್, ಕೊನೆಗೆ ಗೋಡೆಯ ಪ್ಲಗ್ಗು ಇನ್ನೊಂದು ಕಡೆ. ಇವುಗಳಲ್ಲಿ ಯಾವುದು ಎಡವಿದರೂ ನಮಗೆ ಕಾಣುವುದು ಅದೇ ಒಂದು ಪರದೆಯಲ್ಲಿ. ಇಪ್ಪತ್ತು ಮೂವತ್ತು ಸಾವಿರದ ಕಾರ್ಡನ್ನು ಬದಲಿಸಿ, ಮರುದಿನ ಸಂಜೆ ಮತ್ತೆ ಅದೇ ಕಪ್ಪು ಪರದೆ ಕಂಡವರ ಮುಖ ನಾನು ನೋಡಿದ್ದೇನೆ. ಹಾಗಾಗಬಾರದೆಂದೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹೇಗೆ ಬಂದ್ ಆಯಿತು?

ಒಂದೊಂದು ಕಾಯಿಲೆಗೆ ಒಂದೊಂದು ಲಕ್ಷಣ. ಯಾವ ಸೂಚನೆಯೂ ಇಲ್ಲದೆ, ಸ್ವಿಚ್ ತೆಗೆದ ಹಾಗೆ ಕಪ್ಪಾಗಿ, ಎರಡು ಸೆಕೆಂಡಿನಲ್ಲಿ ಪುನಃ ಬೂಟ್ ಆದರೆ ಮೊದಲ ಸಂಶಯ ಕರೆಂಟಿನ ದಾರಿಯ ಮೇಲೆ. ಚಿತ್ರ ಕಲ್ಲಾಗಿ ನಿಂತು, ಪರದೆ ಒಮ್ಮೆ ಕಪ್ಪಾಗಿ, ಆಟ ಮಾತ್ರ ಮುಚ್ಚಿಹೋಗಿ ಡೆಸ್ಕ್‌ಟಾಪ್ ವಾಪಸು ಬಂದರೆ ಅದು ಡ್ರೈವರಿನದ್ದೋ ಕಾರ್ಡಿನದ್ದೋ ಸಂಗತಿ. ನೀಲಿ ಪರದೆ ಬಂದರೆ ವಿಂಡೋಸ್‌ಗೆ ಏನೋ ಗೊತ್ತಾಗಿದೆ, ಅದು ಬರೆದಿಟ್ಟಿದೆ. ಫ್ಯಾನುಗಳು ಜೋರಾಗಿ ಕೂಗಿ, ಆಟ ನಿಧಾನವಾಗಿ, ಕೊನೆಗೆ ಪೂರ್ತಿ ಆಫ್ ಆಗಿ ಆಫ್ ಆಗಿಯೇ ಉಳಿದರೆ ಬಿಸಿಯನ್ನು ನೋಡಬೇಕು.

ಈ ಕೊನೆಯದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಮೊದಲು ಬರುವುದು "ಹೀಟ್ ಆಗಿದೆ" ಎಂಬ ಮಾತು. ಈಗಿನ ಕಾರ್ಡುಗಳೂ ಪ್ರೊಸೆಸರುಗಳೂ ಬಿಸಿಯಾದ ಕೂಡಲೇ ಸಾಯುವುದಿಲ್ಲ. ಮೊದಲು ವೇಗ ತಗ್ಗಿಸುತ್ತವೆ. ಎನ್ವಿಡಿಯಾದ ಬಹಳಷ್ಟು ಕಾರ್ಡುಗಳು 83 ಡಿಗ್ರಿಯ ಆಸುಪಾಸಿನಲ್ಲಿ ತಮ್ಮನ್ನು ತಾವೇ ಹಿಡಿದುಕೊಳ್ಳಲು ಶುರು ಮಾಡುತ್ತವೆ. ರೈಜನ್ 5000 ಸರಣಿಯ ಹೆಚ್ಚಿನ ಪ್ರೊಸೆಸರುಗಳ ಮಿತಿ 90 ಡಿಗ್ರಿ, 7000 ಸರಣಿಯ ಹೆಚ್ಚಿನವಕ್ಕೆ 95, ಇಂಟೆಲ್‌ನ ಹಲವಕ್ಕೆ 100. ಬಿಸಿಯೇ ಕಾರಣವಾದರೆ ಸಾಯುವ ಮೊದಲು ಆಟ ಕುಂಟುವುದು ಕಾಣಿಸಬೇಕು. ಹುಡುಗನ ಪಿಸಿಯಲ್ಲಿ ಅದು ಇರಲಿಲ್ಲ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದಾಗ ಕಾರ್ಡ್ 74 ಡಿಗ್ರಿಯಲ್ಲಿ ಆರಾಮವಾಗಿತ್ತು.

ಮೂರನೆಯ ದಿನ ಅವನ ಫೋನು ಬಂತು. "ಮಾವ, ಮಾನಿಟರಿನ ಲೈಟೂ ಹೋಗಿ ಬಂತು. ಮಾನಿಟರ್ ಕಂಪನಿಯ ಹೆಸರು ಪುನಃ ಮೂಡಿತು."

ಕಾರ್ಡ್ ಹೋದರೆ, ಎಸ್‌ಎಂಪಿಎಸ್ ಕೈಕೊಟ್ಟರೆ, ಮಾನಿಟರಿಗೆ ಸಿಗ್ನಲ್ ಮಾತ್ರ ನಿಲ್ಲುತ್ತದೆ. ಅದರ ಲೈಟು ಬಣ್ಣ ಬದಲಿಸಿಯೋ ಮಿಣುಕಿಯೋ ಉರಿಯುತ್ತಲೇ ಇರುತ್ತದೆ. ಅದಕ್ಕೆ ಕರೆಂಟು ಬೇರೆ ವಯರಿನಲ್ಲಿ ಬರುತ್ತದಲ್ಲ. ಮಾನಿಟರ್ ಕೂಡ ಸತ್ತು ಹುಟ್ಟಿತೆಂದರೆ ತೊಂದರೆ ಪಿಸಿಯ ಡಬ್ಬದ ಹೊರಗಿದೆ. ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿತ್ತು.

ವಿಂಡೋಸ್ ಬರೆದಿಟ್ಟ ದಿನಚರಿ

ಕಣ್ಣಿಗೆ ಕಂಡದ್ದನ್ನು ದಾಖಲೆಯೊಂದಿಗೆ ಹೊಂದಿಸಿ ನೋಡುವುದು ಮುಂದಿನ ಕೆಲಸ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿದರೆ ದಿನದಿನಕ್ಕೂ ಏನಾಯಿತೆಂಬ ಪಟ್ಟಿ ಸಿಗುತ್ತದೆ. ಅದಕ್ಕಿಂತ ವಿವರ ಬೇಕಾದರೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ವಿಭಾಗದಲ್ಲಿ ಪಿಸಿ ಸತ್ತ ಹೊತ್ತಿನ ಸಾಲುಗಳನ್ನು ನೋಡಬೇಕು.

ಅಲ್ಲಿ ಎಲ್ಲರಿಗೂ ಕಾಣಿಸುವುದು 'ಕರ್ನಲ್ ಪವರ್ 41'. ಹೆಸರಿನಲ್ಲಿ ಪವರ್ ಇದೆಯೆಂದು ಎಸ್‌ಎಂಪಿಎಸ್ ಬದಲಿಸಿದವರಿದ್ದಾರೆ. ಆ ಸಾಲು ಹೇಳುವುದು ಇಷ್ಟೇ: ಹಿಂದಿನ ಸಲ ಕ್ರಮವಾಗಿ ಶಟ್‌ಡೌನ್ ಆಗಿಲ್ಲ. ಸತ್ತ ಕ್ಷಣದಲ್ಲಿ ಬರೆದದ್ದೂ ಅಲ್ಲ, ಎದ್ದ ಮೇಲೆ ಬರೆದದ್ದು. ಬೆಲೆಯಿರುವುದು ಅದರ ವಿವರದೊಳಗಿನ 'ಬಗ್‌ಚೆಕ್ ಕೋಡ್' ಎಂಬ ಅಂಕಿಗೆ. ಅದು ಸೊನ್ನೆಯಾಗಿದ್ದರೆ ಹೆಚ್ಚಾಗಿ ವಿಂಡೋಸ್‌ಗೆ ಉಸಿರೆತ್ತಲೂ ಸಮಯ ಸಿಗದೆ ಕರೆಂಟು ಕಡಿದಿದೆ ಅಥವಾ ಯಂತ್ರ ರೀಸೆಟ್ ಆಗಿದೆ. ಬೇರೆ ಅಂಕಿಯಿದ್ದರೆ ನೀಲಿ ಪರದೆ ಬಂದು ಹೋಗಿದೆ, ನೀವು ನೋಡಿಲ್ಲ ಅಷ್ಟೇ. ನೋಡಲು ಸಿಗಬೇಕಾದರೆ ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಸ್ಟಾರ್ಟಪ್ ಅಂಡ್ ರಿಕವರಿ ಎಂಬಲ್ಲಿಗೆ ಹೋಗಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಗುರುತನ್ನು ತೆಗೆಯಬೇಕು. ಆಮೇಲೆ ನೀಲಿ ಪರದೆ ನಿಮಗಾಗಿ ಕಾದು ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆಯಬಹುದು.

ಹುಡುಗನ ಪಿಸಿಯಲ್ಲಿ ಹನ್ನೊಂದು ಸಲ 41 ಇತ್ತು. ಹನ್ನೊಂದರಲ್ಲೂ ಕೋಡ್ ಸೊನ್ನೆ. ಹನ್ನೊಂದೂ ಸಂಜೆ ಐದೂಮುಕ್ಕಾಲರಿಂದ ಆರೂವರೆಯ ಒಳಗೆ.

ಗೋಡೆಯ ಪ್ಲಗ್ಗಿನಿಂದ ಶುರು ಮಾಡಿ

ಆ ಹೊತ್ತಿಗೆ ಅಡಿಕೆ ತೋಟದ ಮನೆಗಳಲ್ಲಿ ಏನು ನಡೆಯುತ್ತದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮಳೆ ನಿಂತ ಮೇಲೆ ಮುಂದಿನ ಮಳೆಯವರೆಗೆ ತೋಟಕ್ಕೆ ನೀರು ಬಿಡಬೇಕು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಾಲದ ಕಡೆ ಕೆರೆಗೋ ಬೋರಿಗೋ ಪಂಪು ಇದ್ದೇ ಇರುತ್ತದೆ. ಪಂಪು ಶುರುವಾಗುವ ಆ ಒಂದು ಕ್ಷಣ, ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟನ್ನು ಮೋಟಾರು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಮನೆಗಳಲ್ಲಿ ಆಗ ಚಾವಡಿಯ ಲೈಟು ಒಮ್ಮೆ ಡಿಮ್ ಆಗಿ ಬೆಳಗುತ್ತದೆ. ಯಾರೂ ತಲೆ ಎತ್ತಿ ಸಹ ನೋಡುವುದಿಲ್ಲ.

ಶನಿವಾರ ನಾನೇ ಹೋದೆ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಪಕ್ಕದ ಖಾಲಿ ಸಾಕೆಟಿಗೆ ಕಡ್ಡಿಗಳನ್ನು ಸಿಕ್ಕಿಸಿ, ಅಕ್ಕನಿಗೆ ಪಂಪು ಹಾಕಲು ಹೇಳಿದೆ. 230 ಇರಬೇಕಾದ ಕಡೆ ಮೊದಲೇ 208 ಇತ್ತು. ಪಂಪು ಎದ್ದಾಗ ಅಂಕಿ ಸರ್ರೆಂದು 150ಕ್ಕೆ ಇಳಿದು, ಒಂದು ಸೆಕೆಂಡಿನಲ್ಲಿ 200ಕ್ಕೆ ಏರಿತು. ಮೀಟರು ನಿಧಾನ, ನಿಜವಾಗಿ ಇನ್ನೂ ಕೆಳಗೆ ಹೋಗಿರಬೇಕು. ಪಿಸಿಗೂ ಮಾನಿಟರಿಗೂ ಕರೆಂಟು ಹೋಗುತ್ತಿದ್ದುದು ಮೇಜಿನ ಕೆಳಗಿದ್ದ ಯುಪಿಎಸ್ ಮೂಲಕ. ಅದು 'ಟಕ್' ಎಂದಿತು. ಹುಡುಗ ಆಟ ಆಡುತ್ತಿರಲಿಲ್ಲ, ಪಿಸಿಗೆ ಏನೂ ಆಗಲಿಲ್ಲ.

"ಈಗ ಗೇಮ್ ಹಾಕು. ಹೆಡ್‌ಫೋನ್ ತೆಗೆ," ಎಂದೆ.

ಪಂಪು ಆಫ್ ಮಾಡಿಸಿ ಪುನಃ ಹಾಕಿಸಿದೆ. ಯುಪಿಎಸ್ 'ಟಕ್' ಎಂದಿತು, ಕೂಡಲೇ 'ಕೀ' ಎಂದು ಒಂದೇ ಸಮನೆ ಕೂಗಿತು, ಪರದೆ ಕಪ್ಪಾಯಿತು. ಎರಡು ತಿಂಗಳು ಆ ಕೂಗು ಅವನ ಕಿವಿಗೆ ಬಿದ್ದೇ ಇರಲಿಲ್ಲ, ಹೆಡ್‌ಫೋನಿನ ಒಳಗೆ ಗುಂಡಿನ ಸದ್ದು.

ಯುಪಿಎಸ್‌ನ ಬೆನ್ನಿನ ಮೇಲೆ 600 ವಿಎ ಎಂದು ದೊಡ್ಡದಾಗಿಯೂ 360 ವ್ಯಾಟ್ ಎಂದು ಸಣ್ಣದಾಗಿಯೂ ಬರೆದಿರುತ್ತದೆ. ಲೆಕ್ಕಕ್ಕೆ ಬರುವುದು ಆ ಸಣ್ಣ ಅಕ್ಷರ. ಬ್ರೌಸರ್ ತೆರೆದು ಕೂತಾಗ ಆ ಪಿಸಿ ನೂರು ವ್ಯಾಟ್ ಸಹ ಎಳೆಯುವುದಿಲ್ಲ. ಆಟದ ನಡುವೆ ಕಾರ್ಡೊಂದೇ 200 ವ್ಯಾಟ್, ಪ್ರೊಸೆಸರ್, ಮಾನಿಟರ್, ಎಸ್‌ಎಂಪಿಎಸ್‌ನ ಸ್ವಂತ ನಷ್ಟ ಎಲ್ಲ ಸೇರಿ 370ರ ಸುತ್ತ. ಲೈನಿನಲ್ಲಿ ವೋಲ್ಟೇಜ್ ಸರಿಯಿರುವಾಗ ಯುಪಿಎಸ್ ಕರೆಂಟನ್ನು ಹಾಗೇ ದಾಟಿಸುತ್ತದೆ, ಹೇಗೋ ನಡೆಯುತ್ತದೆ. ವೋಲ್ಟೇಜ್ ಬಿದ್ದ ಕೂಡಲೇ ಬ್ಯಾಟರಿಗೆ ಹೊರಳುತ್ತದೆ. ಮೂರು ವರ್ಷದ ಹಳೆಯ ಬ್ಯಾಟರಿಗೆ ಆ ಭಾರ ಎತ್ತಲು ಆಗದೆ ಕೈಬಿಡುತ್ತದೆ. ಅಷ್ಟರಲ್ಲಿ ಲೈನು ಸರಿಯಾಗಿ ಕರೆಂಟು ವಾಪಸು ಬರುತ್ತದೆ, ಪಿಸಿ ಪುನಃ ಎದ್ದೇಳುತ್ತದೆ. ಆಟ ಮತ್ತು ಪಂಪು, ಎರಡೂ ಒಟ್ಟಿಗೆ ಬಂದಾಗ ಮಾತ್ರ. ಬೇಸಿಗೆಯಲ್ಲಿ ಮಾತ್ರ ಆಗುತ್ತಿದ್ದುದು ಸೆಖೆಯಿಂದ ಅಲ್ಲ, ತೋಟಕ್ಕೆ ನೀರು ಬಿಡುವುದರಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಕರೆಂಟು ಪೂರ್ತಿ ಹೋದರೆ ಪಿಸಿ ಆಫ್ ಆಗಿಯೇ ಉಳಿಯಬೇಕಲ್ಲ, ರೀಸ್ಟಾರ್ಟ್ ಯಾಕೆ ಆಗುತ್ತದೆ? ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ಒಂದಿಷ್ಟು ಕರೆಂಟನ್ನು ಕೂಡಿಟ್ಟುಕೊಂಡಿರುತ್ತದೆ. ಪಿಸಿಯ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ಮಾನಕದಂತೆ ಅದು ಸುಮಾರು 16, 17 ಮಿಲಿಸೆಕೆಂಡ್ ಪಿಸಿಯನ್ನು ಎತ್ತಿ ಹಿಡಿಯಬೇಕು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಅಲೆಗೇ 20 ಮಿಲಿಸೆಕೆಂಡ್ ಬೇಕು, ಎಂದರೆ ಒಂದು ಅಲೆಯಷ್ಟೂ ಖಾತ್ರಿ ಇಲ್ಲ. ಅದಕ್ಕಿಂತ ಜಾಸ್ತಿ ಹೊತ್ತು ಕಡಿದರೆ 12 ವೋಲ್ಟಿನ ಮುಖ್ಯ ದಾರಿ ಕುಸಿಯುತ್ತದೆ, ಮದರ್‌ಬೋರ್ಡ್ ರೀಸೆಟ್ ಆಗುತ್ತದೆ. ಆದರೆ ಬಹಳ ಕಡಿಮೆ ಎಳೆಯುವ 5 ವೋಲ್ಟಿನ ಸ್ಟ್ಯಾಂಡ್‌ಬೈ ದಾರಿ ಇನ್ನೂ ಜೀವಂತ ಇರುತ್ತದೆ. ಆದ್ದರಿಂದ ಕಣ್ಣುಮಿಟುಕಿಸುವಷ್ಟು ಕಡಿದರೆ ರೀಸ್ಟಾರ್ಟ್, ಹೆಚ್ಚು ಹೊತ್ತು ಕಡಿದರೆ ಪೂರ್ತಿ ಆಫ್.

ಮನೆಯ ಇನ್ವರ್ಟರಿನ ಲೈನಿಗೆ ಪಿಸಿ ಸಿಕ್ಕಿಸಿರುವವರು ಇದೇ ಕಾರಣಕ್ಕೆ ಇನ್ವರ್ಟರಿನ ಮೇಲೆ 'ಯುಪಿಎಸ್ ಮೋಡ್' ಎಂಬ ಸ್ವಿಚ್ ಇದೆಯೇ ನೋಡಿ. ಇನ್ನೊಂದು ಮೋಡಿನಲ್ಲಿ ಅದು ಹೊರಳಲು ತೆಗೆದುಕೊಳ್ಳುವ ಸಮಯ ಫ್ಯಾನಿಗೆ, ಟ್ಯೂಬ್‌ಲೈಟಿಗೆ ಸಾಕು, ಪಿಸಿಗೆ ಸಾಲದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮತ್ತು ಸಣ್ಣ ಯುಪಿಎಸ್‌ಗಳ ಒರಟು ಅಲೆಯನ್ನು ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಗೆ ತಕ್ಕಂತೆ ಎಳೆಯುವ ವ್ಯವಸ್ಥೆ) ಇರುವ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳು ಒಪ್ಪುವುದೂ ಇಲ್ಲ. ಅಂಥವಕ್ಕೆ ಪ್ಯೂರ್ ಸೈನ್ ವೇವ್, ಎಂದರೆ ಗೋಡೆಯ ಕರೆಂಟಿನಂಥ ನಯವಾದ ಅಲೆ ಬೇಕು.

ಈಗ ಎಸ್‌ಎಂಪಿಎಸ್‌ನ ಲೇಬಲ್ ಓದಿ. 'ಇನ್‌ಪುಟ್' ಎಂಬ ಸಾಲಿನಲ್ಲಿ 100ರಿಂದ 240 ವೋಲ್ಟ್ ಎಂದಿದೆಯೋ, 200ರಿಂದ 240 ಎಂದಿದೆಯೋ? ಎರಡನೆಯದಾದರೆ ನಮ್ಮ ಸಂಜೆಯ ವೋಲ್ಟೇಜಿಗೆ ಅದು ಹೇಳಿಸಿದ್ದಲ್ಲ, ಹಿಂದೆ ಸ್ಟೆಬಿಲೈಸರ್ ಇರಲೇಬೇಕು. ಹುಡುಗನ ಎಸ್‌ಎಂಪಿಎಸ್ ಮೊದಲನೆಯ ಬಗೆಯದು, 150 ವೋಲ್ಟಿನಲ್ಲೂ ನಡೆಯುತ್ತದೆ. ಎಂದರೆ ಪಂಪು ಎದ್ದಾಗಿನ ಇಳಿತವನ್ನು ಅದು ಒಬ್ಬನೇ ತಾಳಿಕೊಳ್ಳುತ್ತಿತ್ತು. ಕಾಪಾಡಲೆಂದು ನಡುವೆ ಇಟ್ಟ ಯುಪಿಎಸ್ಸೇ ಅದನ್ನು ಬೀಳಿಸುತ್ತಿತ್ತು. ಪಿಸಿಯ ಪ್ಲಗ್ಗನ್ನು ಯುಪಿಎಸ್‌ನಿಂದ ಕಿತ್ತು ನೇರ ಗೋಡೆಗೆ ಹಾಕಿದೆವು. ಪಂಪನ್ನು ಆರು ಸಲ ಹಾಕಿ ತೆಗೆದರೂ ಆಟ ನಿಲ್ಲಲಿಲ್ಲ. ಖರ್ಚು ಸೊನ್ನೆ.

ಹೊರಗಿನ ಕರೆಂಟು ಸರಿಯಿದ್ದು, ಮಾನಿಟರಿನ ಲೈಟು ಉರಿಯುತ್ತಲೇ ಇದ್ದು, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತಿದ್ದರೆ ಆಗ ಎಸ್‌ಎಂಪಿಎಸ್‌ನ ಸರದಿ. ಕಾರ್ಡಿನ ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಸರಾಸರಿಯ ಲೆಕ್ಕ. ದೊಡ್ಡ ಕಾರ್ಡುಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಅದರ ಇಮ್ಮಡಿಯ ಹತ್ತಿರ ಎಳೆಯುವುದುಂಟು. ಸೂಕ್ಷ್ಮವಾದ ಅಥವಾ ಸುಸ್ತಾದ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಎಂದು ತಿಳಿದು ಮುಚ್ಚಿಕೊಳ್ಳುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನಕ ಈ ಸಮಸ್ಯೆಗಾಗಿಯೇ ಎಸ್‌ಎಂಪಿಎಸ್ ತನ್ನ ಶಕ್ತಿಯ ಇಮ್ಮಡಿ ಎಳೆತವನ್ನು 100 ಮೈಕ್ರೋಸೆಕೆಂಡ್ ತಾಳಬೇಕೆಂದು ನಿಯಮ ಮಾಡಿತು.

ಇದನ್ನು ಪತ್ತೆ ಮಾಡಲು ದುಡ್ಡು ಬೇಡ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ 'ಪವರ್ ಲಿಮಿಟ್' ಎಂಬ ಗೆರೆಯನ್ನು 70ಕ್ಕೆ ಎಳೆಯಿರಿ, ಆಟದ ಫ್ರೇಮ್‌ರೇಟನ್ನು 60ಕ್ಕೆ ಕಟ್ಟಿಹಾಕಿ. ರೀಸ್ಟಾರ್ಟ್ ನಿಂತುಹೋದರೆ ಎಸ್‌ಎಂಪಿಎಸ್ ಅಥವಾ ಅದರ ಕೇಬಲಿನ ಮೇಲೆ ಸಂಶಯ ಗಟ್ಟಿಯಾಗುತ್ತದೆ. ಕೇಬಲ್ ಎಂದೆ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್ ಕೊಡುತ್ತದೆ, ಎಂಟು ಪಿನ್ನಿನ ಒಂದು ಕನೆಕ್ಟರ್ 150. ಕಾರ್ಡಿನಲ್ಲಿ ಅಂಥ ಎರಡು ಕನೆಕ್ಟರ್ ಇದ್ದರೆ ಒಂದೇ ಕೇಬಲಿನ ಎರಡು ತುದಿಗಳನ್ನು ಸಿಕ್ಕಿಸಿ ಸುಮ್ಮನಾಗಬೇಡಿ, ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಎರಡು ಕೇಬಲ್ ಎಳೆಯಿರಿ. ಬೇರೆ ಕಂಪನಿಯ ಎಸ್‌ಎಂಪಿಎಸ್‌ನ ಕೇಬಲನ್ನು ಮಾತ್ರ ತಂದು ಹಾಕಬೇಡಿ. ತುದಿ ಒಂದೇ ತರ ಕಂಡರೂ ಒಳಗಿನ ವಯರುಗಳ ಕ್ರಮ ಬೇರೆ ಇರುತ್ತದೆ, ಹಾರ್ಡ್‌ಡಿಸ್ಕ್ ಸುಟ್ಟುಹೋದೀತು. ಎಸ್‌ಎಂಪಿಎಸ್ ಡಬ್ಬವನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗಿಂತ ಹೆಚ್ಚು ನಿಂತಿರಬಹುದು. ಜೀವ ತೆಗೆಯಲು ಅಷ್ಟು ಸಾಕು.

ಅರ್ತಿಂಗ್ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಿಸಿಯ ಕಬ್ಬಿಣ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಟೆಸ್ಟರ್ ಮಂದವಾಗಿ ಉರಿಯುತ್ತದೆಯೇ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್, ಅರ್ತ್ ಸಿಗದಿದ್ದಾಗ ಕ್ಯಾಬಿನೆಟನ್ನು ಲೈನಿನ ಅರ್ಧದಷ್ಟು ವೋಲ್ಟೇಜಿಗೆ ಎತ್ತಿ ನಿಲ್ಲಿಸುತ್ತದೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ವಯರೇ ಇಲ್ಲದಿರುವುದನ್ನು ನಾನು ತುಂಬ ಕಡೆ ಕಂಡಿದ್ದೇನೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಗುಂಡಿಯೂ ಕೆಲಸ ಮಾಡುವುದಿಲ್ಲ, ನೀರು ಹೊಯ್ಯಬೇಕು. ಇದು ವಯರಿಂಗಿನವರನ್ನು ಕರೆಸಿ ಮಾಡಿಸಬೇಕಾದ ಕೆಲಸ, ಮುಂದೂಡಬೇಡಿ.

ಪರದೆಯೇ ಹದಗೆಟ್ಟಾಗ

ಇನ್ನು ಗ್ರಾಫಿಕ್ಸ್ ತಪ್ಪುಗಳು. ಬಹಳ ಜನರಿಗೆ ಬರುವ ಸಂದೇಶ 'ಡಿಸ್‌ಪ್ಲೇ ಡ್ರೈವರ್ ಸ್ಟಾಪ್ಡ್ ರೆಸ್ಪಾಂಡಿಂಗ್ ಅಂಡ್ ಹ್ಯಾಸ್ ರಿಕವರ್ಡ್'. ಈವೆಂಟ್ ವ್ಯೂವರಿನಲ್ಲಿ ಅದರ ಸಂಖ್ಯೆ 4101. ಎನ್ವಿಡಿಯಾ ಕಾರ್ಡಾದರೆ ಜತೆಗೆ ಎನ್‌ವಿಎಲ್‌ಡಿಡಿಎಂಕೆಎಂ ಎಂಬ ಬಾಯಿಗೆ ಸಿಗದ ಹೆಸರೂ ಇರುತ್ತದೆ, ಅದು ಡ್ರೈವರಿನ ಫೈಲು.

ನಡೆಯುವುದು ಇಷ್ಟು. ಭಾಗವತರು ಪದ ಎತ್ತಿದ ಮೇಲೆ ವೇಷ ಕುಣಿಯಬೇಕು. ಕುಣಿಯದೆ ಕಂಬದ ಹಾಗೆ ನಿಂತರೆ ಎಷ್ಟು ಹೊತ್ತು ಕಾಯುವುದು? ವಿಂಡೋಸ್ 2 ಸೆಕೆಂಡ್ ಕಾಯುತ್ತದೆ. ಕೊಟ್ಟ ಕೆಲಸವನ್ನು ಕಾರ್ಡ್ ಅಷ್ಟರಲ್ಲಿ ಮುಗಿಸದಿದ್ದರೆ, ನಡುವೆ ಬಿಡುವೂ ಕೊಡದಿದ್ದರೆ, ಕಾರ್ಡನ್ನು ರೀಸೆಟ್ ಮಾಡಿ ಮೊದಲಿನಿಂದ ಎಬ್ಬಿಸುತ್ತದೆ. ವಿಸ್ಟಾದಿಂದ ಈಚೆಗೆ ಬಂದ ಈ ವ್ಯವಸ್ಥೆಗೆ ಟಿಡಿಆರ್ ಎಂದು ಹೆಸರು. ರೀಸೆಟ್ ಫಲಿಸಿದರೆ ಆಟ ಮಾತ್ರ ಬೀಳುತ್ತದೆ. ಫಲಿಸದಿದ್ದರೆ 'ವಿಡಿಯೋ ಟಿಡಿಆರ್ ಫೇಲ್ಯೂರ್' ಎಂಬ ನೀಲಿ ಪರದೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡನ್ನು 10 ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಅದರಿಂದ ಕಾರ್ಡ್ ಗುಣವಾಗುವುದಿಲ್ಲ, ಪರದೆ ಕಲ್ಲಾಗಿ ನಿಲ್ಲುವ ಹೊತ್ತು ಉದ್ದವಾಗುತ್ತದೆ.

ಮೊದಲು ಡ್ರೈವರನ್ನು ಸ್ವಚ್ಛವಾಗಿ ಹಾಕಿ ನೋಡಬೇಕು. ಹಳೆಯದರ ಮೇಲೆ ಹೊಸದನ್ನು ಹೊದೆಸುವುದಲ್ಲ. ಬೇಕಾದ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಂಡು, ಇಂಟರ್‌ನೆಟ್ ತಪ್ಪಿಸಿ, ಸೇಫ್ ಮೋಡಿಗೆ ಹೋಗಿ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ತಂತ್ರಾಂಶದಿಂದ ಹಳೆಯದನ್ನು ಬೇರುಸಹಿತ ತೆಗೆದು, ಆಮೇಲೆ ಹೊಸದನ್ನು ಹಾಕಬೇಕು. ಇಂಟರ್‌ನೆಟ್ ತಪ್ಪಿಸುವುದು ಏಕೆಂದರೆ ನೀವು ತೆಗೆದ ಕೂಡಲೇ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ್ದನ್ನು ತಂದು ಹಾಕುತ್ತದೆ. ತೊಂದರೆ ಒಂದು ಅಪ್‌ಡೇಟ್ ಆದ ಮರುದಿನ ಶುರುವಾಗಿದ್ದರೆ ಹೊಸದಕ್ಕಿಂತ ಹಿಂದಿನ ಆವೃತ್ತಿಯೇ ಮೇಲು. ಕಾರ್ಡನ್ನು ಓವರ್‌ಕ್ಲಾಕ್ ಮಾಡಿದ್ದರೆ, ಎಂದರೆ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುತ್ತಿದ್ದರೆ, ಅದನ್ನು ತೆಗೆಯಿರಿ, ಮದರ್‌ಬೋರ್ಡಿನವರು ಕೊಟ್ಟ 'ಬೂಸ್ಟರ್' ತಂತ್ರಾಂಶಗಳನ್ನೂ ತೆಗೆಯಿರಿ.

ಬಣ್ಣದ ಚೌಕಗಳು, ಗೆರೆಗಳು, ಚುಕ್ಕೆಗಳು ಕಾಣುತ್ತಿದ್ದರೆ ಒಂದು ಸುಲಭ ಪರೀಕ್ಷೆಯಿದೆ, ಇದು ನನಗೆ ಬಹಳ ಇಷ್ಟ. ಚುಕ್ಕೆಗಳು ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಮೊಬೈಲಿನಲ್ಲೂ ಚುಕ್ಕೆಗಳಿದ್ದರೆ ಚಿತ್ರ ಹುಟ್ಟುವಾಗಲೇ ಕೆಟ್ಟಿದೆ: ಡ್ರೈವರ್, ಕಾರ್ಡ್, ಕಾರ್ಡಿನ ಮೆಮೊರಿ. ಮೊಬೈಲಿನಲ್ಲಿ ಚಿತ್ರ ಶುಭ್ರವಾಗಿದ್ದರೆ ಕೆಟ್ಟದ್ದು ಹೆಚ್ಚಾಗಿ ಕಾರ್ಡಿನಿಂದಾಚೆ, ಕೇಬಲಿನಲ್ಲೋ ಮಾನಿಟರಿನಲ್ಲೋ. ಉಪ್ಪಳದಲ್ಲಿ ಕಡಲಿಗೆ ಹತ್ತಿರ ಮನೆಯಿರುವ ಗೆಳೆಯರೊಬ್ಬರ ಪರದೆಯಲ್ಲಿ ಬಿಳಿ ಚುಕ್ಕೆಗಳು ಮಿಂಚುಹುಳದ ಹಾಗೆ ಮಿನುಗುತ್ತಿದ್ದವು. ಸ್ಕ್ರೀನ್‌ಶಾಟ್ ಶುಭ್ರ. ಎಚ್‌ಡಿಎಂಐ ಕೇಬಲ್ ಕಿತ್ತು ಬೆಳಕಿಗೆ ಹಿಡಿದರೆ ತುದಿಯ ಲೋಹದ ಅಂಚಿನಲ್ಲಿ ಕಂದು ಕಿಲುಬು, ಒಳಗಿನ ನಾಲಿಗೆಯ ಒಂದು ಮೂಲೆಯಲ್ಲಿ ಹಸಿರು. ಉಪ್ಪುಗಾಳಿ ಎರಡು ಮಳೆಗಾಲದಲ್ಲಿ ಮಾಡಿದ ಕೆಲಸ. ಬೇರೆ ಕೇಬಲ್ ಹಾಕಿದ ಕೂಡಲೇ ಚುಕ್ಕೆಗಳು ಮಾಯ.

ಚುಕ್ಕೆಗಳು ವಿಂಡೋಸ್ ಬರುವ ಮೊದಲೇ, ಮದರ್‌ಬೋರ್ಡಿನ ಸ್ವಂತ ತಂತ್ರಾಂಶವಾದ ಬಯೋಸ್‌ನ ಪರದೆಯಲ್ಲೇ ಕಂಡರೆ ಡ್ರೈವರನ್ನು ದೂರಬೇಡಿ. ಆ ಹೊತ್ತಿಗೆ ಡ್ರೈವರ್ ಇನ್ನೂ ಎದ್ದೇ ಇರುವುದಿಲ್ಲ. ಕಾರ್ಡನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಗಟ್ಟಿಯಾಗಿ ಕೂರಿಸಿ. ಭಾರದ ಕಾರ್ಡ್ ಜೋತುಬಿದ್ದಿದ್ದರೆ ಅಡಿಗೆ ಒಂದು ಆಸರೆ ಕೊಡಿ. ಇಷ್ಟಾದ ಮೇಲೂ ಬಯೋಸ್‌ನಲ್ಲಿ ಅದೇ ಚೌಕಗಳು ಕಂಡರೆ, ಇನ್ನೊಂದು ಪಿಸಿಗೆ ಹಾಕಿದಾಗಲೂ ಕಂಡರೆ, ಆಗ ಕಾರ್ಡ್ ಹೋಗಿದೆ. ಬಿಲ್ಲನ್ನು ಹುಡುಕಿ ವಾರಂಟಿಗೆ ಕೊಡಿ. ಹೀಟ್‌ಗನ್ನಿನಲ್ಲಿ ಕಾಯಿಸಿ ಸರಿ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ. ಆ ರಿಪೇರಿ ಹೆಚ್ಚು ದಿನ ಬಾಳುವುದಿಲ್ಲ, ವಾರಂಟಿಯೂ ಹೋಗುತ್ತದೆ.

ಕಾರ್ಡಿನ ವೇಷ ಹಾಕಿದ ಬೇರೆಯವರು

ರ‍್ಯಾಮಿನ ತಪ್ಪು ಪ್ರತಿ ಸಲ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಇವತ್ತು ಒಂದು ನೀಲಿ ಪರದೆ, ನಾಳೆ ಇನ್ನೊಂದು, ನಾಡಿದ್ದು ಬ್ರೌಸರ್ ಮುಚ್ಚಿಹೋಗುವುದು. ಸಂದೇಶಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಅನಿಸಿದರೆ ರ‍್ಯಾಮ್ ನೋಡಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ ಎರಡು ದಿನ ಆಡಿ. ಪೆಟ್ಟಿಗೆಯ ಮೇಲಿನ 3200, 3600 ಎಂಬ ವೇಗ ಎಕ್ಸ್‌ಎಂಪಿಯಿಂದ ಬರುವುದು, ಅದು ನಿಜದಲ್ಲಿ ಓವರ್‌ಕ್ಲಾಕೇ. ಆಫ್ ಮಾಡಿದಾಗ ಎಲ್ಲ ಸರಿಯಾದರೆ ಕಳ್ಳ ಸಿಕ್ಕಿದ. ಇಲ್ಲವಾದರೆ ಮೆಮ್‌ಟೆಸ್ಟ್86 ಪ್ಲಸ್ ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ ಇಡೀ ರಾತ್ರಿ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಅದು ತಪ್ಪೇ, ರಿಯಾಯಿತಿ ಇಲ್ಲ. ಆಮೇಲೆ ಒಂದೊಂದೇ ಕಡ್ಡಿ ಹಾಕಿ ಯಾವುದೆಂದು ಬೇರ್ಪಡಿಸಿ.

ಪ್ರೊಸೆಸರಿನ ಸಂಗತಿ ಇನ್ನೂ ಮೋಸದ್ದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ, ಮುಖ್ಯವಾಗಿ ಐ7, ಐ9ಗಳಲ್ಲಿ, ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗಿ ಪ್ರೊಸೆಸರ್ ದಿನಕಳೆದಂತೆ ಸವೆಯುತ್ತಿತ್ತು. ಆಗ ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಆಟಗಳು ಶುರುವಾಗುವಾಗ ಬರುತ್ತಿದ್ದ ಸಂದೇಶ ಏನು ಗೊತ್ತೇ? 'ಔಟ್ ಆಫ್ ವಿಡಿಯೋ ಮೆಮೊರಿ'. ಕಾರ್ಡಿನಲ್ಲಿ 24 ಜಿಬಿ ಖಾಲಿ ಇದ್ದರೂ ಅದೇ ಮಾತು. ಶೇಡರುಗಳನ್ನು (ಬೆಳಕು, ಬಣ್ಣ ಹೇಗೆ ಕಾಣಬೇಕೆಂದು ಕಾರ್ಡಿಗೆ ಹೇಳುವ ಸಣ್ಣ ಪ್ರೋಗ್ರಾಮುಗಳನ್ನು) ಬಿಡಿಸುವ ಕೆಲಸ ಪ್ರೊಸೆಸರಿನದ್ದು, ಅದು ಲೆಕ್ಕ ತಪ್ಪಿದಾಗ ಆಟ ಬೆರಳು ತೋರಿಸುತ್ತಿದ್ದುದು ಕಾರ್ಡಿನ ಕಡೆಗೆ. ಪಾಪ, ಎಷ್ಟು ಜನ ಒಳ್ಳೆಯ ಕಾರ್ಡುಗಳನ್ನು ವಾಪಸು ಕಳಿಸಿದರೋ. 2024ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಪ್ರೊಸೆಸರ್ ಇರುವವರು ಬಯೋಸ್ ಅಪ್‌ಡೇಟ್ ಮಾಡಿಯೇ ಮುಂದಿನ ಮಾತು. ಆದರೆ ಈಗಾಗಲೇ ಸವೆದದ್ದನ್ನು ಅಪ್‌ಡೇಟ್ ಸರಿಮಾಡಲಾರದು, ಅದಕ್ಕೆ ವಾರಂಟಿಯೇ ದಾರಿ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟು ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು, ಆದ್ದರಿಂದ ಪಂಪಿನ ಹೊತ್ತು, ಗುಡುಗಿನ ಹೊತ್ತು ಬಿಟ್ಟು ಬೆಳಗ್ಗೆ ಮಾಡಿ.

ಈವೆಂಟ್ ವ್ಯೂವರಿನಲ್ಲಿ 'ಡಬ್ಲ್ಯೂಎಚ್‌ಇಎ ಲಾಗರ್' ಎಂಬ ಹೆಸರು ಕಂಡರೆ ಯಂತ್ರಾಂಶವೇ ತನ್ನ ತಪ್ಪನ್ನು ಒಪ್ಪಿಕೊಂಡಿದೆ ಎಂದರ್ಥ. ಸಂಖ್ಯೆ 18 ಆದರೆ ಹೆಚ್ಚಾಗಿ ಪ್ರೊಸೆಸರ್ ಮತ್ತು ಅದರ ವೋಲ್ಟೇಜಿನ ಕಡೆ, 17 ಆದರೆ ಹೆಚ್ಚಾಗಿ ಪಿಸಿಐ ಎಕ್ಸ್‌ಪ್ರೆಸ್ ದಾರಿಯ ಕಡೆ, ಎಂದರೆ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಸಂಪರ್ಕದ ಕಡೆ ನೋಡಬೇಕು. ಕಾರ್ಡನ್ನು ನೆಟ್ಟಗೆ ನಿಲ್ಲಿಸಲು ರೈಸರ್ ಕೇಬಲ್ ಹಾಕಿದವರು ಅದನ್ನು ತೆಗೆದು, ಅಥವಾ ಬಯೋಸ್‌ನಲ್ಲಿ ಆ ದಾರಿಯ ವೇಗವನ್ನು ಜೆನ್ 4ರ ಬದಲು ಜೆನ್ 3 ಮಾಡಿ ನೋಡಿ.

ಧೂಳಿನ ಬಗ್ಗೆ ಎಲ್ಲರಿಗೂ ಗೊತ್ತು. ನಮ್ಮ ಕೆಂಪು ಧೂಳು ಹೀಟ್‌ಸಿಂಕಿನಲ್ಲಿ ಕಂಬಳಿಯ ಹಾಗೆ ಕೂರುತ್ತದೆ, ಮಳೆ ಕಳೆದ ಮೇಲೊಮ್ಮೆ, ಮಾರ್ಚಿನಲ್ಲೊಮ್ಮೆ ಊದಿ ತೆಗೆದರೆ ಸಾಕು. ಊದುವಾಗ ಫ್ಯಾನನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ. ಆಷಾಢದಲ್ಲಿ ಪಿಸಿಗೆ ಪ್ಲಾಸ್ಟಿಕ್ ಹೊದೆಸಿ ತಿಂಗಳುಗಟ್ಟಲೆ ಇಡಬೇಡಿ, ಒಳಗೆ ಪಸೆ ನಿಲ್ಲುತ್ತದೆ. ದಿನಕ್ಕೆ ಒಂದು ಗಂಟೆ ಆನ್ ಇದ್ದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಹಿಂದಿನ ಖಾಲಿ ಸ್ಲಾಟುಗಳಿಗೆ ಮುಚ್ಚಳ ಹಾಕಿ. ಮದರ್‌ಬೋರ್ಡಿನ ಮೇಲೆ ಸತ್ತು ಬಿದ್ದ ಹಲ್ಲಿಯಿಂದ ಶಾರ್ಟ್ ಆದದ್ದನ್ನು ಒಂದಲ್ಲ, ಮೂರು ಕಡೆ ನೋಡಿದ್ದೇನೆ. ತುಲಾ ಮಾಸದ ಸಂಜೆ ಗುಡುಗು ಶುರುವಾದರೆ ಸ್ವಿಚ್ ತೆಗೆಯುವುದಷ್ಟೇ ಸಾಲದು. ಪ್ಲಗ್ ಕೀಳಿ, ರೂಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಕೀಳಿ. ಸಿಡಿಲು ಆ ತೆಳ್ಳಗಿನ ವಯರಿನಲ್ಲಿ ಬಂದು ಮದರ್‌ಬೋರ್ಡ್ ಸುಟ್ಟ ಮನೆಗಳು ನಮ್ಮ ಗುಡ್ಡಗಳಲ್ಲಿ ಬೇಕಾದಷ್ಟಿವೆ.

ಹುಡುಗನ ಪಿಸಿ ಈಗ ನೇರ ಗೋಡೆಯ ಸಾಕೆಟಿನಲ್ಲಿದೆ. ಹಳೆಯ ಯುಪಿಎಸ್ ರೂಟರಿಗೆ ಮಾತ್ರ. ಕರೆಂಟು ಪೂರ್ತಿ ಹೋದರೆ ಪಿಸಿ ಆಫ್ ಆಗುತ್ತದೆ, ಅದು ಅವನಿಗೆ ಗೊತ್ತಿದೆ. 900 ವ್ಯಾಟ್ ಎಂದು ಸಣ್ಣಕ್ಷರದಲ್ಲಿ ಬರೆದ ಪ್ಯೂರ್ ಸೈನ್ ವೇವ್ ಯುಪಿಎಸ್‌ಗಾಗಿ ದುಡ್ಡು ಕೂಡಿಸುತ್ತಿದ್ದಾನೆ. ಕಾರ್ಡಿನ ಪೆಟ್ಟಿಗೆಯನ್ನು ಮಂಗಳೂರಿಗೆ ಕಳಿಸಲೆಂದು ಕಟ್ಟಿಟ್ಟಿದ್ದ, ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ.

ಮೊನ್ನೆ ಸಂಜೆ ಫೋನ್ ಮಾಡಿದ್ದ. ಹಿಂದಿನಿಂದ ಪಂಪಿನ ಸದ್ದು ಕೇಳುತ್ತಿತ್ತು. "ಮಾವ, ಪಕ್ಕದ ಮನೆಯವರ ಟಿವಿಯೂ ಆರು ಗಂಟೆಗೆ ಬಂದ್ ಆಗ್ತದಂತೆ. ನಿಮ್ಮ ಮೀಟರ್ ಒಮ್ಮೆ ಕೊಡ್ತೀರಾ?"